ಮಂಗಳವಾರದ ಟ್ಯಾಗು

ಸುಟ್ಟ ಮೋಟಾರಿನ ವಾಸನೆ ಮೂಗಿಗೆ ಬಡಿದರೆ ಸಾಕು, ಒಳಗೆ ಯಾವ ಸುರುಳಿ ಹೋಗಿದೆ ಅಂತ ವೈಂಡಿಂಗ್ ಅಕ್ಕ ಹೇಳಿಬಿಡುತ್ತಿದ್ದಳು. ಹದಿನೇಳು ವರ್ಷ ಅಣ್ಣನ ಮೋಟಾರು ರಿಪೇರಿ ಅಂಗಡಿಯಲ್ಲಿ ಕೂತು ತಾಮ್ರದ ತಂತಿ ಸುತ್ತಿದ ಕೈ ಅದು, ಸುಮ್ಮನೆ ಮಾತಲ್ಲ. ಅಣ್ಣ ಅಂಗಡಿ ಮುಚ್ಚಿದ ಮೇಲೆ ದೊಡ್ಡಾಸ್ಪತ್ರೆಯಲ್ಲಿ ಪಂಪು, ಲಿಫ್ಟು, ಮೋಟಾರು ನೋಡಿಕೊಳ್ಳುವ ಕೆಲಸವೊಂದು ಖಾಲಿ ಬಿತ್ತು. ಅಲ್ಲಿನ ಮೇಲ್ವಿಚಾರಕರು ಅವಳ ಕೆಲಸ ಕಂಡವರೇ. ಆದರೆ ಸರ್ಟಿಫಿಕೇಟ್ ಇಲ್ಲದೆ ಸೇರಿಸಿಕೊಳ್ಳುವ ಹಾಗಿಲ್ಲ. ಈ ವರ್ಷದ ಪರೀಕ್ಷೆ ಮುಗಿಯುವವರೆಗೆ ಕಾಯುತ್ತೇವೆ, ಅದಕ್ಕಿಂತ ಒಂದು ದಿನ ಹೆಚ್ಚಿಲ್ಲ ಎಂದಿದ್ದರು. ಹಾಗಾಗಿ ನಲವತ್ತೆರಡನೇ ವಯಸ್ಸಿನಲ್ಲಿ, ಎದೆಯೆತ್ತರ ಬೆಳೆದ ಮಗಳಿರುವ ಹೆಂಗಸು ಸಮುದಾಯ ಕಾಲೇಜಿನ ಮೆಟ್ಟಿಲು ಹತ್ತಿದಳು. ಬೆಳಿಗ್ಗೆ ಇಂಗ್ಲಿಷ್ ಬರವಣಿಗೆ, ಮಂಗಳವಾರ ಮತ್ತು ಶುಕ್ರವಾರ ಮಧ್ಯಾಹ್ನ ಎಲೆಕ್ಟ್ರಿಕಲ್ ವರ್ಕ್‌ಶಾಪು.

ವರ್ಕ್‌ಶಾಪಿನಲ್ಲಿ ಅವಳು ಹುಲಿ, ಇಂಗ್ಲಿಷ್ ಕ್ಲಾಸಿನಲ್ಲಿ ಇಲಿ. ಅಕ್ಷರ ಬರುತ್ತಿತ್ತು, ಬೋರ್ಡಿನ ಮೇಲಿದ್ದದ್ದನ್ನು ನಕಲು ಮಾಡುತ್ತಿದ್ದಳು. ಸ್ವಂತವಾಗಿ ಒಂದು ಸಾಲು ಬರೆ ಎಂದರೆ ಅಂಗೈ ಬೆವರುತ್ತಿತ್ತು. ಬರುವುದಿಲ್ಲ ಎಂದು ಬಾಯಿಬಿಟ್ಟು ಹೇಳಿದ್ದರೆ ಇಂಗ್ಲಿಷ್ ಮೇಡಂ ಏನು ನುಂಗಿಬಿಡುತ್ತಿದ್ದರೇ? ಆದರೆ ಈ ಮಹಾತಾಯಿಗೆ ಜೀವಕ್ಕಿಂತ ಮಾನ ದೊಡ್ಡದು. ಅದೂ ಬೇರೆಯವರ ಜೀವಕ್ಕಿಂತ!

ವರ್ಕ್‌ಶಾಪಿನಲ್ಲಿ ಒಂದು ನಿಯಮ ಇತ್ತು. ಕರೆಂಟಿನ ಪೆಟ್ಟಿಗೆಗೆ ಕೈ ಹಾಕುವ ಮುಂಚೆ ಅದರ ಮೇನ್ ಸ್ವಿಚ್ ಇಳಿಸಿ, ಅದಕ್ಕೆ ಒಂದು ಕೆಂಪು ಟ್ಯಾಗು ತೂಗುಹಾಕಬೇಕು. ಯಾರು, ಏನು ಕೆಲಸ, ಯಾವ ದಿನ, ಎಷ್ಟು ಹೊತ್ತಿಗೆ, ಇಷ್ಟೂ ಕೆಲಸ ಮಾಡುವವರ ಕೈಬರಹದಲ್ಲೇ ಇರಬೇಕು. ನಾಲ್ಕಾರು ಭಾಷೆಯವರು ಕಲಿಯುವ ಜಾಗವಾದ್ದರಿಂದ ಬರೆಯುವುದು ಇಂಗ್ಲಿಷಿನಲ್ಲಿ. ತಿದ್ದಿದ ಟ್ಯಾಗು ನಡೆಯುವುದಿಲ್ಲ. ಒಂದೇ ಟ್ಯಾಗನ್ನು ಎರಡು ದಿನ ಬಳಸಿದರೆ ಆ ವರ್ಷ ವರ್ಕ್‌ಶಾಪಿನ ಬಾಗಿಲು ಮುಚ್ಚಿದಂತೆ. ಮೊದಲ ದಿನವೇ ಎಲ್ಲರೂ ಇದಕ್ಕೆ ಸಹಿ ಹಾಕಿದ್ದರು.

ಅಕ್ಕ ಇದಕ್ಕೊಂದು ಉಪಾಯ ಹುಡುಕಿಕೊಂಡಿದ್ದಳು. ಭಾನುವಾರ ಮಗಳನ್ನು ಕೂರಿಸಿಕೊಂಡು, ಮಂಗಳವಾರಕ್ಕೊಂದು, ಶುಕ್ರವಾರಕ್ಕೊಂದು ಅಂತ ತಾರೀಖು ಸಮೇತ ಟ್ಯಾಗು ಬರೆಸಿಕೊಳ್ಳುವಳು. ಬೇರೆಯವರು ಪೆನ್ನು ಕಚ್ಚುತ್ತ ನಿಂತಿದ್ದರೆ ಇವಳು ಏಪ್ರನ್ ಜೇಬಿನಿಂದ ತೆಗೆದು ಟಕ್ಕೆಂದು ತೂಗುಹಾಕಿಬಿಡುವಳು. ಎಷ್ಟು ಚುರುಕು ಎಂದು ಮೇಷ್ಟ್ರು ಹೊಗಳಿದ್ದೂ ಉಂಟು.

ಪರೀಕ್ಷೆ ಹತ್ತಿರ ಬಂತೆಂದು ಮೇಷ್ಟ್ರು ಆ ವಾರ ಇದ್ದಕ್ಕಿದ್ದಂತೆ ಬುಧವಾರವೂ ವರ್ಕ್‌ಶಾಪು ಇಟ್ಟರು. ಶುಕ್ರವಾರದ್ದು ಮನೆಯಲ್ಲಿತ್ತು, ಅಕ್ಕನ ಜೇಬಿನಲ್ಲಿದ್ದದ್ದು ಹಿಂದಿನ ದಿನ ಬಳಸಿದ ಟ್ಯಾಗೊಂದೇ. ಅವಳ ಜೋಡಿ ಡ್ರೈವರಣ್ಣ ಪಕ್ಕದಲ್ಲೇ ನಿಂತಿದ್ದ. ಮೂವತ್ತು ವರ್ಷ ಬಸ್ಸು ಓಡಿಸಿ, ಮೊಣಕಾಲು ಕೈಕೊಟ್ಟ ಮೇಲೆ ಈ ವಿದ್ಯೆಗೆ ಇಳಿದಿದ್ದ ಮನುಷ್ಯ. ಇವಳೇ ತನ್ನ ಗುರು ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಅವನೆದುರು ಪೆನ್ನು ಹಿಡಿದು ತಡವರಿಸುವುದೇ? ಹತ್ತು ನಿಮಿಷದ ಕೆಲಸ ತಾನೇ ಎಂದುಕೊಂಡು, ಮೇನ್ ಸ್ವಿಚ್ ಇಳಿಸಿ ಮಂಗಳವಾರದ ಟ್ಯಾಗನ್ನೇ ತೂಗುಹಾಕಿದಳು. ಟೆಸ್ಟರ್ ಇಟ್ಟು ನೋಡಿದಳು, ಕರೆಂಟ್ ಇರಲಿಲ್ಲ. ಗೋಡೆಯ ಆಚೆ ಬದಿಯಲ್ಲಿದ್ದ, ಮೋಟಾರು ಚಾಲೂ ಮಾಡುವ ಸ್ಟಾರ್ಟರ್ ಪೆಟ್ಟಿಗೆ ತೆರೆದು ಇಬ್ಬರೂ ಕೂತರು.

ಎರಡು ಗಂಟೆಗೆ, ಕೌಂಟರಿನಲ್ಲಿ ಟ್ಯಾಗು, ಸಲಕರಣೆ ಕೊಡುವ ಸ್ಟೋರಿನವನು ತನ್ನ ದಿನದ ಸುತ್ತು ಹೊರಟ. ಮರೆತುಹೋದ ಹಳೆಯ ಟ್ಯಾಗುಗಳನ್ನು ತೆಗೆದು, ಮುಂದಿನ ತಂಡಕ್ಕೆ ಸ್ವಿಚ್ ಹಾಕಿಡುವುದು ಅವನ ಕೆಲಸ. ಈ ಸ್ವಿಚ್ಚಿನ ಮೇಲೆ ನಿನ್ನೆಯ ತಾರೀಖು. ಪದ್ಧತಿಯ ಪ್ರಕಾರ ಎರಡು ಸಲ ಕೂಗಿದ. ಪಕ್ಕದ ಗ್ರೈಂಡಿಂಗ್ ಮಶೀನಿನ ಗದ್ದಲದಲ್ಲಿ ಅದು ಯಾರ ಕಿವಿಗೂ ಬೀಳಲಿಲ್ಲ. ಟ್ಯಾಗು ಬಿಚ್ಚಿ ಸ್ವಿಚ್ ಮೇಲೆತ್ತಿದ.

ಢಬ್ಬೆಂದಿತು. ನೀಲಿ ಬೆಳಕು ಮಿಂಚಿ ಡ್ರೈವರಣ್ಣ ಹಿಂದಕ್ಕೆ ಹಾರಿಬಿದ್ದ. ಅಕ್ಕ ಕೂಗಿದ ಕೂಗಿಗೆ ಇಡೀ ವರ್ಕ್‌ಶಾಪು ಓಡಿಬಂತು. ಉಸಿರಿದೆ, ಮಾತಾಡುತ್ತಿದ್ದಾನೆ, ಬಲಗೈಯ ಮೂರು ಬೆರಳು ಮಾತ್ರ ಕಪ್ಪಗಾಗಿವೆ. ಅವನನ್ನು ಪ್ರಥಮ ಚಿಕಿತ್ಸೆಯ ಕೋಣೆಗೆ ಎತ್ತಿಕೊಂಡು ಹೊರಡುವಾಗ ಸ್ಟೋರಿನವನ ಕೈಯಿಂದ ಟ್ಯಾಗು ನೆಲಕ್ಕೆ ಬಿತ್ತು. ಯಾರೂ ನೋಡಲಿಲ್ಲ. ಅಕ್ಕನ ಕೈ ತಾನಾಗಿ ಹೋಗಿ ಅದನ್ನೆತ್ತಿ ಜೇಬಿಗೆ ಇಳಿಸಿತು.

ಆಮೇಲೆ ಶುರುವಾಯಿತು ನೋಡಿ. ಹಳೇ ಟ್ಯಾಗಿತ್ತು ಸಾರ್ ಎಂದು ಸ್ಟೋರಿನವನು ಬಡಕೊಂಡ. ಎಲ್ಲಿದೆ, ತೋರಿಸು ಎಂದರು ಪ್ರಿನ್ಸಿಪಾಲರು. ಅವನು ಬಗ್ಗಿ ಬೆಂಚಿನ ಕೆಳಗೆಲ್ಲ ಹುಡುಕಿದ, ಸಿಗಲಿಲ್ಲ. ಅಲ್ಲಿಗೆ ಅವನೇ ಆ ದಿನದ ಟ್ಯಾಗನ್ನು ಬಿಚ್ಚಿದ ಹಾಗಾಯಿತು. ಅವನ ಸೊಂಟದ ಕೀಲಿಗೊಂಚಲನ್ನು ಅಲ್ಲೇ ಬಿಚ್ಚಿಸಿಕೊಂಡರು. ಅವನೂ ಅಕ್ಕನೂ ಬೇರೆ ಬೇರೆ ಕೂತು, ನಡೆದದ್ದನ್ನು ತಮ್ಮ ಕೈಯಾರೆ ಇಂಗ್ಲಿಷಿನಲ್ಲಿ ಬರೆದು ನಾಲ್ಕು ಗಂಟೆಗೆ ಕೊಡಬೇಕು. ಅದನ್ನು ನೋಡಿ ಇವತ್ತೇ ತೀರ್ಮಾನ.

ಇಂಗ್ಲಿಷ್ ಕ್ಲಾಸಿನಲ್ಲಿ ಮೇಡಂ ಎದುರಿಗೆ ಕೂತರು. ಪದ ಬೇಕಾದರೆ ಕೇಳಿ, ಏನು ಬರೆಯಬೇಕು ಅನ್ನುವುದು ಮಾತ್ರ ನಿಮ್ಮದು ಎಂದರು. ಗಡಿಯಾರ ಮೂರು ಹೊಡೆದಿತ್ತು. ಒದ್ದಾಡಿ ಒದ್ದಾಡಿ ಅಕ್ಕ ಎರಡು ಸಾಲು ಬರೆದಳು. ನಾವು ಕೆಲಸ ಮಾಡುತ್ತಿದ್ದೆವು. ದೊಡ್ಡ ಸದ್ದು ಬಂತು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಇಷ್ಟನ್ನೇ ಕೊಟ್ಟುಬಿಟ್ಟರೆ ಪರೀಕ್ಷೆಯೂ ಉಳಿಯಿತು, ಆಸ್ಪತ್ರೆಯ ಕೆಲಸವೂ ಉಳಿಯಿತು. ಜೇಬಿನ ಟ್ಯಾಗು ತೊಡೆಗೆ ಒತ್ತುತ್ತಿತ್ತು. ನಾಲಿಗೆ ಒಣಗಿ ನೀರು ಕುಡಿಯಲು ಎದ್ದಳು.

ನಲ್ಲಿಯ ಪಕ್ಕದಲ್ಲೇ ಪ್ರಥಮ ಚಿಕಿತ್ಸೆಯ ಕೋಣೆ. ಕೈಗೆ ಬ್ಯಾಂಡೇಜು ಸುತ್ತಿಸಿಕೊಂಡು ಆಸ್ಪತ್ರೆಗೆ ಹೋಗುವ ಗಾಡಿಗೆ ಕಾಯುತ್ತಿದ್ದ ಡ್ರೈವರಣ್ಣ ಇವಳನ್ನು ಕಂಡು ಒಳಗೆ ಕರೆದ. ಬೈಯುತ್ತಾನೆ ಎಂದುಕೊಂಡಿದ್ದಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ನೀವು ಬೇಜಾರು ಮಾಡ್ಕೋಬೇಡಿ ಅಕ್ಕಾ," ಅಂದ. "ನಿಮ್ಮದೇನು ತಪ್ಪು? ನೀವು ಟ್ಯಾಗ್ ಹಾಕಿದ್ದು ನಾನೇ ನೋಡಿದೀನಿ. ಅದಕ್ಕೇ ನಾನು ಧೈರ್ಯವಾಗಿ ಕೈ ಹಾಕಿದ್ದು."

ಅಕ್ಕ ಅಲ್ಲಿಂದ ಹೊರಗೆ ಬಂದಳು. ಮೆಟ್ಟಿಲ ಮೇಲೆ ಸ್ಟೋರಿನವನು, ಕೀಲಿಗೊಂಚಲಿಲ್ಲದ ಸೊಂಟದ ಮೇಲೆ ಕೈಯಿಟ್ಟುಕೊಂಡು, ತಾನು ಬರೆದ ಹಾಳೆಯನ್ನು ಮತ್ತೆ ಮತ್ತೆ ಓದುತ್ತಿದ್ದ. ತಲೆ ಎತ್ತಲಿಲ್ಲ.

ಮೂರೂ ಮೂವತ್ತೈದು. ಅಕ್ಕ ಮೊದಲಿನ ಹಾಳೆಯನ್ನು ಹರಿದು ಹೊಸದು ತೆಗೆದುಕೊಂಡಳು. ಮೇಡಂ ಹತ್ತಿರ ಮೂರು ಪದ ಕೇಳಿದಳು: ಹಳೆಯದು, ಬಚ್ಚಿಟ್ಟೆ, ನಾಚಿಕೆ. ಮೂರನೆಯದನ್ನು ಕೇಳಿದಾಗ ಮೇಡಂ ಒಂದು ಕ್ಷಣ ಅವಳ ಮುಖವನ್ನೇ ನೋಡಿ, ಬೋರ್ಡಿನ ಮೇಲೆ ಬರೆದುಕೊಟ್ಟರು. ಪೆನ್ನು ಜಾರುತ್ತಿತ್ತು, ಸೆರಗಿಗೆ ಕೈ ಒರೆಸಿಕೊಂಡು ಬರೆದಳು. ಹಳೆಯ ಟ್ಯಾಗು ಹಾಕಿದ್ದು ನಾನು. ಸ್ಟೋರಿನವರು ತಮ್ಮ ಕೆಲಸ ಮಾಡಿದರು. ಟ್ಯಾಗನ್ನು ಬಚ್ಚಿಟ್ಟೆ. ನನಗೆ ಬರೆಯಲು ಬರುವುದಿಲ್ಲ, ನಾಚಿಕೆಯಾಯಿತು. ಐದನೆಯ ಸಾಲಿಗೆ ಬರುವಷ್ಟರಲ್ಲಿ ನಾಲ್ಕು ಗಂಟೆ. ಅಲ್ಲಿಗೇ ನಿಲ್ಲಿಸಿ ಸಹಿ ಹಾಕಿದಳು.

ಪ್ರಿನ್ಸಿಪಾಲರು ಎರಡು ಸಲ ಓದಿದರು. ಅಕ್ಕ ಟ್ಯಾಗು ತೆಗೆದು ಮೇಜಿನ ಮೇಲಿಟ್ಟಳು. ಈ ವರ್ಷ ವರ್ಕ್‌ಶಾಪಿಗೂ ಪರೀಕ್ಷೆಗೂ ಬರುವ ಹಾಗಿಲ್ಲ, ನಿಯಮ ಗೊತ್ತಲ್ಲ ಎಂದರು ಅವರು. ಗೊತ್ತು ಎಂದಳು. ಆಸ್ಪತ್ರೆಯ ಕೆಲಸ ಹೋಯಿತು, ಅದೂ ಗೊತ್ತಿತ್ತು. ಏನಾದರೂ ಹೇಳುವುದಿದೆಯೇ ಎಂದು ಕೇಳಿದ್ದಕ್ಕೆ, ಇಂಗ್ಲಿಷ್ ಕ್ಲಾಸಿಗಾದರೂ ಬರಬಹುದಾ ಎಂದು ಕೇಳಿದಳು. ಬನ್ನಿ ಎಂದರು.

ಹೊರಗೆ ಸ್ಟೋರಿನವನು ನಿಂತಿದ್ದ. ಅವಳ ಹಾಳೆಯಲ್ಲಿದ್ದದ್ದನ್ನು ಅವನಿಗೆ ಹೇಳಿ, ಕೀಲಿಗೊಂಚಲನ್ನು ವಾಪಸು ಕೊಟ್ಟಿದ್ದರು. ಅವನು ಬೈಯಲಿ, ಕಾಲು ಹಿಡಿದಾದರೂ ಕ್ಷಮೆ ಕೇಳೋಣ ಎಂದು ಅಕ್ಕ ತಯಾರಾಗಿಯೇ ಬಂದಿದ್ದಳು.

ಅವನು ಕೀಲಿಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ. ಆಮೇಲೆ ಸಿಟ್ಟಿನಲ್ಲೇ ಅಂದ, "ಬರೆಯೋಕೆ ಬರಲ್ಲ ಅಂತ ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲಮ್ಮಾ. ಇಲ್ಲಿ ಕೆಲಸಕ್ಕೆ ಸೇರಿದಾಗ ನಂಗೆ ನನ್ನ ಹೆಸರು ಬರೆಯೋಕೂ ಬರ್ತಿರ್ಲಿಲ್ಲ. ಎರಡು ವರ್ಷ ಅದೇ ಮೇಡಂ ಕ್ಲಾಸಲ್ಲಿ, ಹಿಂದಿನ ಬೆಂಚಲ್ಲಿ ಕೂತು ಕಲಿತೆ. ಕೌಂಟರ್ ಹತ್ರ ಬಂದಿದ್ರೆ ಪಕ್ಕದಲ್ಲಿ ನಿಂತು ಹೇಳಿಕೊಡ್ತಿದ್ದೆ. ಅರ್ಧ ನಿಮಿಷದ ಕೆಲಸ."

ಪ್ರಿನ್ಸಿಪಾಲರ ಎದುರಿಗೂ ಅಳದಿದ್ದ ಅಕ್ಕ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತು ಮುಖ ಮುಚ್ಚಿಕೊಂಡಳು. ಅವನು ಹೋಗಲೂ ಇಲ್ಲ, ಸಮಾಧಾನ ಹೇಳಲೂ ಇಲ್ಲ. ಅವಳು ಅತ್ತು ಮುಗಿಸುವವರೆಗೆ ಎರಡು ಮೆಟ್ಟಿಲು ಕೆಳಗೆ ಸುಮ್ಮನೆ ನಿಂತಿದ್ದ.