ಅತ್ತೆಯ ಪಿಸುಮಾತು, ಡಾಕ್ಟರ ಫೋನು

ಮೊನ್ನೆ ನಮ್ಮ ಬೀದಿಯಲ್ಲಿ ಯಾರೋ ರೇಷ್ಮೆ ನೂಲನ್ನು ಸೋಪು, ಸೋಡ ಹಾಕಿ ಬೇಯಿಸುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಎದುರುಮನೆ ಅತ್ತೆ ನೆನಪಾದರು. ಅವರ ಸೀರೆಯೆಲ್ಲ ಅದೇ ವಾಸನೆ... ಹಿಂದೆಯೇ ಸಿಟ್ಟೂ ಬಂತು. ಅವರನ್ನು ನೆನೆದಾಗಲೆಲ್ಲ ನನಗೆ ಅಳು ಬರುವುದಿಲ್ಲ, ಮೈ ಉರಿಯುತ್ತದೆ.

ಅತ್ತೆ ಲೊಕ್ಕನಹಳ್ಳಿಯಿಂದ ಕೊಳ್ಳೇಗಾಲಕ್ಕೆ ಸೊಸೆಯಾಗಿ ಬಂದವರು. ಗಂಡ ತೀರಿಹೋದ ಮೇಲೆ ಹಿಂದಿನ ಬೀದಿಯ ಮಗ್ಗದ ಯಜಮಾನರ ಮನೆಯಲ್ಲಿ ಕೂಲಿಗೆ ನೇಯುತ್ತಿದ್ದರು. ಆ ಮಗ್ಗ ಬಿಟ್ಟರೆ ಬೇರೆ ದಿಕ್ಕಿರಲಿಲ್ಲ. ಬಾಯಿ ಮಾತ್ರ ಜೋರು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಸಾರು ಕೆಟ್ಟರೆ, "ಇದೇನ್ ಮಗ, ಕಾವೇರಿ ನೀರ್ಗೆ ಉಪ್ಪಾಕಿದ್ದೀಯಾ?" ಎಂದು ಬೀದಿಗೇ ಕೇಳುವಂತೆ ಆಡಿಕೊಂಡು, ಆಮೇಲೆ ತಮ್ಮ ಮನೆಯ ಸಾರು ತಂದು ಕೊಡುತ್ತಿದ್ದರು...

ಅಂಥವರು ಕಾಯಿಲೆಯ ವಿಷಯ ಬಂದರೆ ಮಾತ್ರ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಪಿಸುಗುಟ್ಟುವರು. ನಮ್ಮ ಕಡೆ ಹೆಂಗಸರೆಲ್ಲ ಹಾಗೆಯೇ. ಡಾಕ್ಟರ ಕಿವಿಗಷ್ಟೇ ಹೇಳುವುದು, ಅವರು ಕೋಳಿ ಕೆದರಿದ ಹಾಗೆ ಏನೋ ಗೀಚುವುದು. ಆ ಅಕ್ಷರ ಯಾರಿಗೂ ಓದಲು ಬರುತ್ತಿರಲಿಲ್ಲ. ಎಷ್ಟೋ ಮನೆಗಳ ಮಾನ ಉಳಿದದ್ದು ಅದರಿಂದಲೇ.

ಕೆಮ್ಮು ನಿಲ್ಲದೆ ಅತ್ತೆಯನ್ನು ನಾನೇ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಕಫದ ಪರೀಕ್ಷೆಯ ರಿಪೋರ್ಟು ಬಂದ ದಿನ ಅದು. ಮುಂದಿನ ಸರದಿಯವರು ಎಂದಿನಂತೆ ಒಳಗೇ, ನಮ್ಮ ಬೆನ್ನ ಹಿಂದಿನ ಬೆಂಚಿನಲ್ಲಿದ್ದರು. ಡಾಕ್ಟರು ಬರೆಯುವುದನ್ನೇ ಬಿಟ್ಟಿದ್ದರು. ಅವರು ಮಾತಾಡಿದರೆ ಫೋನೇ ಬರೆದುಕೊಳ್ಳುತ್ತದಂತೆ. ಕಫದಲ್ಲಿ ರಕ್ತ, ಮೈಯೆಲ್ಲ ಬೆವರು ಎಂದು ಅತ್ತೆ ಪಿಸುಗುಟ್ಟಿದ್ದನ್ನೆಲ್ಲ ಅವರು ಫೋನಿಗೆ ಗಟ್ಟಿಯಾಗಿ ಒಪ್ಪಿಸಿದರು. ಇಂಗ್ಲಿಷಿನಲ್ಲೇ ಹೇಳಿದರು, ನಿಜ. ಆದರೆ ಟಿಬಿ ಎಂದರೆ ಯಾರಿಗೆ ತಿಳಿಯದು?

"ಒಸಿ ಮೆಲ್ಲುಗ್ ಯೋಳಿ ಸಾ," ಎಂದೆ.

"ಮೆಲ್ಲಗೆ ಹೇಳಿದ್ರೆ ಇದು ಸರಿಯಾಗಿ ಬರ್ಕೊಳಲ್ಲಮ್ಮ," ಎಂದು ಅವರು ಇನ್ನೊಮ್ಮೆ, ಇನ್ನೂ ಗಟ್ಟಿಯಾಗಿ ಹೇಳಿದರು.

ಬೆಂಚಿನಲ್ಲಿ ಯಜಮಾನರ ತಂಗಿ ಕೂತಿದ್ದಳು. ಮಾರನೆಯ ಬೆಳಿಗ್ಗೆ ಯಜಮಾನರ ಹೆಂಡತಿ ಹೊಸಿಲಲ್ಲೇ ಅತ್ತೆಯನ್ನು ತಡೆದರು. "ನೀನಿನ್ ಮಗ್ಗುಕ್ ಬರ್ಬ್ಯಾಡ ಕಣಮ್ಮ. ಮನೇಲಿ ಮಕ್ಕಳವೆ." ಮಾತ್ರೆ ನುಂಗಿದರೆ ವಾಸಿಯಾಗುತ್ತದೆ, ಆಮೇಲೆ ಯಾರಿಗೂ ಹರಡುವುದಿಲ್ಲ ಎಂದು ಡಾಕ್ಟರೇ ಹೇಳಿದ್ದರು. ನಾನು ಹೋಗಿ ಅದನ್ನು ಹೇಳಿದೆ, ಜಗಳವಾಡಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಅತ್ತೆ ಮತ್ತೆ ಆಸ್ಪತ್ರೆಯ ಮೆಟ್ಟಿಲು ಹತ್ತಲಿಲ್ಲ. ಕೊಟ್ಟಿದ್ದ ಮಾತ್ರೆ ಮುಗಿದುಹೋಯಿತು. ಕೈಮುಗಿದು ಕರೆದೆ.

"ಇನ್ನೊಂದ್ ಸಲ ಅಲ್ಗ್ ಓದ್ರೆ ಮಿಕ್ಕಿದ್ನೂ ಡಂಗ್ರ ಒಡೀತರೆ. ಬುಟ್ಬುಡು ಮಗ," ಎಂದರು.

ಮುಂದಿನ ಮಳೆಗಾಲವನ್ನು ಅವರು ನೋಡಲಿಲ್ಲ... ಕಾಯಿಲೆ ತಿಂದುಹಾಕಿತು ಎಂದು ಬೀದಿಯವರೆಲ್ಲ ಹೇಳಿದರು. ಸುಳ್ಳು. ಅದು ವಾಸಿಯಾಗುವ ಕಾಯಿಲೆ. ಫೋನಿನ ಮೇಲೆ ನನಗೇನೂ ದ್ವೇಷವಿಲ್ಲ. ದಿನವಿಡೀ ಬರೆಯುವ ಕೈಗೆ ಬಿಡುವು ಸಿಕ್ಕರೆ ಸಿಗಲಿ. ಆ ಹಾಳು ಬೆಂಚನ್ನು ಎತ್ತಿ ಆಚೆ ಇಡಲು ಆಸ್ಪತ್ರೆಯವರಿಗೇನಾಗಿತ್ತು?

ಹೋದ ವಾರ ಎದೆಯಲ್ಲಿ ಗಂಟು ಕಂಡು ನಾನೇ ಆ ಕೋಣೆಗೆ ಹೋದೆ. ಬೆಂಚು ತುಂಬಿತ್ತು. ಡಾಕ್ಟರು ಫೋನು ಕೈಗೆತ್ತಿಕೊಂಡರು.

"ಇವ್ರೆಲ್ಲ ಆಚ್ಗ್ ಓಗ್ಲಿ ಸಾ. ಆಮೇಲ್ ಯೋಳ್ತೀನಿ."

ಬೆಂಚಿನವರು ಗೊಣಗಿಕೊಂಡು ಎದ್ದರು. ನಾನೇ ಬಾಗಿಲು ಹಾಕಿ ಬಂದು ಕೂತೆ. ಡಾಕ್ಟರು ಬೇಡವೆನ್ನಲಿಲ್ಲ, ರೇಗಲಿಲ್ಲ. "ಹೂಂ, ಈಗ ಹೇಳಿ," ಎಂದರು. ಇಷ್ಟು ಸುಲಭದ ಕೆಲಸವನ್ನು ಯಾರೂ ಮಾಡದೆ ಅತ್ತೆ ಹೋಗಿಬಿಟ್ಟರು.