ಕೌದಿ ಹೊದ್ದ ಗ್ರಾಮೋಫೋನು

ಕಲಬುರಗಿಯ ಹಳೆ ಸಾಮಾನಿನ ಅಂಗಡಿಯಲ್ಲಿ ಗ್ರಾಮೋಫೋನಿನ ಹಿತ್ತಾಳೆ ಕಹಳೆ ಕಂಡದ್ದೇ ತಡ, ನನ್ನ ದನಿ ತಾನೇ ತಗ್ಗಿತು. ರಜಾಕಾರರ ಕಾಲದಲ್ಲಿ ಕಮಲಾಪುರದ ನಮ್ಮ ಮನೆಯಲ್ಲಿ ಕಲಿತ ಶಿಸ್ತು ಅದು. ರಜಾಕಾರರಿಂದ ತಪ್ಪಿಸಿಕೊಂಡು ನಿಜಾಮನ ಗಡಿಯಾಚೆ ಸೊಲ್ಲಾಪುರದಲ್ಲಿ ಅಡಗಿದ್ದ ಕಾಕಾನ ಸುದ್ದಿ ಎತ್ತುವ ಮೊದಲು ಅಜ್ಜ ಮನೆಯ ಗ್ರಾಮೋಫೋನಿನ ಕಹಳೆಯೊಳಗೆ ಕೌದಿ ತುರುಕುತ್ತಿದ್ದರು.

"ಅದು ಹಾಡತದ ಅಷ್ಟೇ ಅಲ್ಲೇನ್ರೀ?" ಎಂದರು ಅಜ್ಜಿ.

"ಹೈದರಾಬಾದಿನ್ಯಾಗ ನಾನೇ ನೋಡೀನಿ. ಗವಾಯಿ ಇಂಥಾದ್ರಾಗ ಬಾಯಿಟ್ಟು ಹಾಡಿದ, ಅದು ಪ್ಲೇಟಿನ ಮ್ಯಾಲ ಎಲ್ಲಾ ಬರಕೊಂತು. ನಿನ್ನ ಮಾತು ಬಿಡತದೇನು?"

ಅವತ್ತಿನಿಂದ ಅಜ್ಜಿ ಅದರೆದುರು ಪಲ್ಯದ ಮಾತಷ್ಟೇ ಆಡಿದರು.

ಪೊಲೀಸ್ ಆ್ಯಕ್ಷನ್ ಮುಗಿದು ಕಾಕಾ ಮನೆಗೆ ಬಂದ. ಅಜ್ಜಿ ಅಪ್ಪಿಕೊಂಡು ಅತ್ತರು. ಅಜ್ಜ ಕೌದಿ ಕಿತ್ತು, ಕಹಳೆಯನ್ನು ಮಗನತ್ತ ತಿರುಗಿಸಿದರು.

"ಇಷ್ಟು ದಿನ ಎಲ್ಲಿದ್ದಿ ಅಂತ ಈಗ ಗಟ್ಟಿಯಾಗಿ ಹೇಳಪಾ. ಬರಕೊಳ್ಳಲಿ ಬೇಕಾದ್ರ!"

ಈಗ ನನ್ನ ಮೊಮ್ಮಗಳು ಫೋನಿನಲ್ಲೇ ತನ್ನ ಹಾಡು ರೆಕಾರ್ಡ್ ಮಾಡುತ್ತಾಳೆ. ಅವಳ ಗಂಟಲಿನ ಮೇಲೆ ನನಗೆ ನಂಬಿಕೆಯಿದೆ, ಫೋನು ಹಾಡಷ್ಟೇ ಬರೆದುಕೊಳ್ಳುತ್ತದೆ ಎಂಬ ನಂಬಿಕೆಯಿಲ್ಲ.