ಗೌಸಣ್ಣ ಊದಿದ ಕನೆಕ್ಟರುಗಳು

ಸವಣೂರಿನ ಮಹಮ್ಮದಗೌಸ ನಮಗೆಲ್ಲ ಗೌಸಣ್ಣ. ಮೂವತ್ತು ವರ್ಷ ನೆಲದೊಳಗಿನ ಟೆಲಿಫೋನ್ ಕೇಬಲ್ ಜೋಡಿಸಿದವರು. ನಾನು, ಚಿಕ್ಕೇರೂರಿನ ಮಲ್ಲೇಶಪ್ಪ, ಅವರ ಕೈಕೆಳಗೆ ಕೆಲಸ ಕಲಿತವನು. ಇವತ್ತು ಅವರು ಕೆಲಸವಿಲ್ಲದೆ ಮನೆಯ ಕಟ್ಟೆಯ ಮೇಲೆ ಕೂತಿದ್ದಾರೆಂದರೆ ಅದಕ್ಕೆ ಕಾರಣ ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ನನ್ನನ್ನು ಒಳ್ಳೆಯವನೆಂದು ತಿಳಿದು ಯಾರೂ ಮೋಸಹೋಗುವುದು ಬೇಡ.

ಅದು ತಾಮ್ರದ ಕಾಲ. ತೋಳು ಗಾತ್ರದ ಕೇಬಲಿನೊಳಗೆ ನೂರು ಜೋಡಿ ತಂತಿ, ಜೋಡಿಗೊಂದು ಬಣ್ಣ. ಬಿಳಿ-ನೀಲಿ, ಬಿಳಿ-ಕಿತ್ತಳೆ, ಬಿಳಿ-ಹಸಿರು ಎಂದು ಗೌಸಣ್ಣ ಮಗ್ಗಿ ಒಪ್ಪಿಸುವಂತೆ ಹೇಳುತ್ತ ಹೆಣೆಯುತ್ತಿದ್ದರು. ಬೆರಳಿಗೆ ಎಂಜಲು ಹಚ್ಚಿ ತಂತಿ ಮುಟ್ಟಿದಾಗ ಸಣ್ಣಗೆ ಚುರ್ ಎಂದರೆ ಲೈನಿಗೆ ಜೀವ ಇದೆ ಎಂದರ್ಥ. ಎಲ್ಲ ಜೋಡಿಸಿ ಮುಚ್ಚುವ ಮೊದಲು 'ಬಿಸ್ಮಿಲ್ಲಾ' ಎಂದು ಮೆಲ್ಲಗೆ ಊದುತ್ತಿದ್ದರು. ಅವರ ತಾಯಿ ಖತೀಜಾಬಿ ಜ್ವರ ಬಂದ ಮಕ್ಕಳಿಗೆ ಹಾಗೆಯೇ ಓದಿ ಊದುತ್ತಿದ್ದಳು. ಓಣಿಯ ಲಿಂಗಾಯತರೂ ತಮ್ಮ ಮಕ್ಕಳನ್ನು ಎತ್ತಿಕೊಂಡು ಬಂದು ಅವಳ ಮುಂದೆ ಕೂರುತ್ತಿದ್ದರು. ಹಣೆಗೆ ವಿಭೂತಿ ಹಚ್ಚಿಕೊಂಡ ನಾನೂ 'ಶಿವಾ' ಎಂದು ಊದುವುದನ್ನು ಕಲಿತೆ.

"ಯಾರರ ಊದ್ಲಿ ಬಿಡೋ, ಒಟ್ಟ ಲೈನ್ ಮಾತಾಡಬೇಕು" ಎಂದು ಗೌಸಣ್ಣ ನಗುತ್ತಿದ್ದರು.

ಆಮೇಲೆ ತಾಮ್ರವನ್ನೇ ಕಿತ್ತು ತೂಕಕ್ಕೆ ಹಾಕಿದರು. ಜಾಯಿಂಟುಗಳು ಎಲ್ಲೆಲ್ಲಿ ಹೂತಿವೆ ಎಂದು ತೋರಿಸಲು ಗೌಸಣ್ಣನನ್ನೇ ಕರೆಸಿದ್ದರು. ಹುಲಗೂರು ರಸ್ತೆಯ ಪಕ್ಕ ಇಪ್ಪತ್ತೈದು ವರ್ಷದ ಹಿಂದೆ ತಾವೇ ಮುಚ್ಚಿದ್ದ ಒಂದು ಜಾಯಿಂಟನ್ನು ಅವರು ಬಿಚ್ಚಿ ನೋಡಿದರು. ಒಳಗೆ ಒಂದು ಹನಿ ನೀರಿರಲಿಲ್ಲ. "ಇನ್ನೂ ಇಪ್ಪತ್ತ ವರ್ಷ ಬರ್ತಿತ್ತು" ಎಂದಷ್ಟೇ ಹೇಳಿ ಮನೆಗೆ ಹೋದರು. ಆಮೇಲೆ ಅವರು ಮಾತೇ ಬಿಟ್ಟರು. ಅವರ ಹೆಂಡತಿ ಮುಮ್ತಾಜಬೇಗಂ ಒಂದು ದಿನ ನನ್ನನ್ನು ತಡೆದು ನಿಲ್ಲಿಸಿ, "ಕೈಗೊಂದು ಕೆಲಸ ಕೊಡಸ್ರಿ. ಹಿಂಗ ಕುಂತ್ರ ಈ ಮನಷಾ ಉಳಿಯಂಗಿಲ್ಲ" ಎಂದಳು.

ಅಷ್ಟರಲ್ಲಿ ನಾನು ಶಿಗ್ಗಾಂವಿಯಲ್ಲಿ ಫೈಬರ್ ಕಂಪನಿಯೊಂದರ ಮೇಲ್ವಿಚಾರಕನಾಗಿದ್ದೆ. ಅವರನ್ನು ಸೇರಿಸಿಕೊಂಡೆ. ಇಲ್ಲಿ ತಂತಿಯಿಲ್ಲ, ಕೂದಲಿಗಿಂತ ಸಣ್ಣ ಗಾಜಿನ ಎಳೆ. ಅದರ ತುದಿಗೆ ಕನೆಕ್ಟರು. ನೀಲಿಯದರ ತುದಿಯನ್ನು ನೇರ ಉಜ್ಜಿರುತ್ತಾರೆ, ಹಸಿರಿನದನ್ನು ಓರೆಯಾಗಿ. ನೀಲಿಗೆ ನೀಲಿ, ಹಸಿರಿಗೆ ಹಸಿರು. ಅದಲುಬದಲಾದರೆ ಮುಖಕ್ಕೆ ಮುಖ ಕೂಡುವುದಿಲ್ಲ, ಬೆಳಕು ಸೋರಿಹೋಗುತ್ತದೆ. ಬಣ್ಣದ ಪಾಠ ಗೌಸಣ್ಣನಿಗೆ ಯಾರು ಹೇಳಬೇಕು? ಒಂದೇ ದಿನದಲ್ಲಿ ಕಲಿತರು, ಮಾತೂ ಮರಳಿ ಬಂತು. ತುದಿಯನ್ನು ಸ್ಪಿರಿಟಿನಿಂದ ಒರೆಸುವಾಗ ಅವರಷ್ಟು ನಾಜೂಕಿನ ಕೈ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ಒರೆಸಿದ ಮೇಲೆ, ಇನ್ನೇನು ಕೇಬಲ್ ಪೆಟ್ಟಿಗೆಯೊಳಗೆ ಒತ್ತಬೇಕು ಎನ್ನುವಾಗ, 'ಬಿಸ್ಮಿಲ್ಲಾ' ಎಂದು ಊದುತ್ತಿದ್ದರು.

ತಾಮ್ರಕ್ಕೆ ಉಸಿರು ತಾಗಿದರೆ ಏನೂ ಆಗದು. ಗಾಜಿನ ಮುಖಕ್ಕೆ ತಾಗಿದರೆ ಕಣ್ಣಿಗೆ ಕಾಣದ ಹನಿ ಕೂತು, ಒಣಗಿ, ಕಲೆಯಾಗಿ ಬೆಳಕಿಗೆ ಅಡ್ಡ ನಿಲ್ಲುತ್ತದೆ. ಮೊದಲ ದಿನವೇ ನೋಡಿದೆ. ಹೇಳಬೇಕಿತ್ತು, ಹೇಳಲಿಲ್ಲ. ಗುರುವಿಗೇ ತಿರುಮಂತ್ರ ಹಾಕಿದ ಎನ್ನಿಸಿಕೊಳ್ಳಲು ನಾಚಿಕೆ. ಅದೂ ದೇವರ ಹೆಸರು ಹೇಳಿ ಊದಿದ್ದನ್ನು ಹೊಲಸು ಎಂದು ಯಾವ ಬಾಯಿಂದ ಹೇಳಲಿ? ಅವರು ಬಸ್ಸು ಹತ್ತಿದ ಮೇಲೆ ನಾನು ಪೆಟ್ಟಿಗೆ ತೆರೆದು ಒಂದೊಂದನ್ನೇ ಎಳೆದು ಒರೆಸಿ ಮತ್ತೆ ಹಾಕುತ್ತಿದ್ದೆ. ಎರಡು ವರ್ಷ ಹೀಗೇ ನಡೆಯಿತು. ಇದನ್ನು ದೊಡ್ಡ ಗುರುಭಕ್ತಿ ಎಂದುಕೊಂಡಿದ್ದೆ.

ಹೋದ ಶ್ರಾವಣದಲ್ಲಿ ನನ್ನ ಹೆಂಡತಿ ಶೈಲಶ್ರೀಗೆ ಹಾನಗಲ್ಲಿನಲ್ಲಿ ಆಪರೇಷನ್ ಆಯಿತು. ನಾಲ್ಕು ದಿನ ನಾನು ಆಸ್ಪತ್ರೆಯಲ್ಲೇ ಇದ್ದೆ. ಹುಲಗೂರಿನ ಪೆಟ್ಟಿಗೆಯನ್ನು ಗೌಸಣ್ಣ ಒಬ್ಬರೇ ಮುಗಿಸಿದರು. ಪರೀಕ್ಷೆಗೆ ಬಂದ ಇಂಜಿನಿಯರ್ ಸುದೀಪ ನನಗೆ ಫೋನ್ ಮಾಡಿದ.

"ಹನ್ನೆರಡ್ರಾಗ ಒಂಬತ್ತು ಫೇಲ್ ಆಗ್ಯಾವ್ರಿ. ಮೈಕ್ರೋಸ್ಕೋಪಿನ್ಯಾಗ ನೋಡಿದ್ರ ಎಲ್ಲಾದರ ಮ್ಯಾಲೂ ಹನಿ ಹನಿ ಕಲಿ. ಊದತಾರಂತ್ರಿ ಇವ್ರು. ಎರಡ ವರ್ಷ ಇವರ ಕೆಲಸ ಹೆಂಗ ಪಾಸ್ ಆತು?"

ಗೌಸಣ್ಣ ಅಲ್ಲೇ ಅವನ ಪಕ್ಕದಲ್ಲಿ ನಿಂತಿದ್ದರಂತೆ. ಫೋನಿನಲ್ಲಿ ನನ್ನ ದನಿ ಅವರಿಗೂ ಕೇಳುತ್ತಿತ್ತಂತೆ.

"ನನಗೇನೂ ಗೊತ್ತಿಲ್ಲರಿ" ಎಂದೆ.

ಅಂದೇ ಅವರನ್ನು ಕೆಲಸದಿಂದ ಬಿಡಿಸಿದರು.

ಮೂರನೆಯ ದಿನ ಸವಣೂರಿಗೆ ಹೋದೆ. ಮುಮ್ತಾಜಬೇಗಂ ಚಹಾ ತಂದಿಟ್ಟು ಒಳಗೆ ಹೋದಳು. ಗೌಸಣ್ಣ ನನ್ನ ಮುಖ ನೋಡದೆ ಕೇಳಿದರು.

"ಪೆಟ್ಟಿಗಿಯೊಳಗ ನಾ ವಾಯರ್ ಬಲಕ್ಕ ಸುತ್ತತೇನಿ. ಮರದಿನಾ ನೋಡಿದ್ರ ಎಡಕ್ಕ ಇರ್ತಿತ್ತು. ಎಡಕ್ಕ ಸುತ್ತಾಂವ ನೀ ಒಬ್ಬನ. ಮೇಲ್ವಿಚಾರಕ ಅದಾನ, ತಪಾಸ ಮಾಡ್ತಾನ, ಮಾಡ್ಲಿ ಅಂದ್ಕೊಂಡಿದ್ದೆ. ಒರಸಾಕ ಬರ್ತಿದ್ದ್ಯೇನು?"

"ಹೌದ್ರಿ."

"ಎರಡ ವರ್ಷ?"

"ಹೆಂಗ ಹೇಳೂದಂತ ತಿಳೀಲಿಲ್ರಿ, ಗೌಸಣ್ಣ. ದೇವರ ಹೆಸರ ಹೇಳಿ ಊದೂದನ್ನ..."

"ನಿನಗ ವಾಯರ್ ಸುಲಿಯಾಕ ಕಲಿಸುವಾಗ ಎಷ್ಟ ಸಲ ಕೈ ಮ್ಯಾಲ ಹೊಡದೇನಿ. ನಾ ನಾಚಿದ್ನೇನು?" ಚಹಾದ ಬಟ್ಟಲನ್ನು ನನ್ನ ಕಡೆ ಸರಿಸಿ ಹೇಳಿದರು. "ದೇವರಿಗೆ ಉಸುರು ಬೇಕಾಗಿಲ್ಲೋ, ಮಲ್ಲೇಶಿ. ಮನಸಿನ್ಯಾಗ ಅಂದ್ರೂ ಕೇಳ್ತಾನ. ನೀ ಒಂದ್ ಮಾತು ಹೇಳಿದ್ರ ನಾ ಬಾಯಿ ಮುಚ್ಕೊಂಡು ಕೆಲಸ ಮಾಡ್ತಿದ್ದೆ."

ನಾನೇ ಒರೆಸುತ್ತಿದ್ದೆ ಎಂದು ಆಮೇಲೆ ಸುದೀಪನಿಗೆ ಹೇಳಿ ಕೈಮುಗಿದೆ. ಆ ವಯಸ್ಸಾದವರು ಇನ್ನು ಬೇಡ ಎಂದುಬಿಟ್ಟ.

ಗೌಸಣ್ಣ ಮತ್ತೆ ಮಾತು ಬಿಟ್ಟಿದ್ದಾರೆ. ಹೋದಾಗಲೆಲ್ಲ ಬಾ ಎನ್ನುತ್ತಾರೆ, ಚಹಾ ಕೊಡಿಸುತ್ತಾರೆ, ಅಷ್ಟೇ. ಹುಲಗೂರಿನ ಆ ಒಂಬತ್ತನ್ನು ನಾನೇ ಹೋಗಿ ಒರೆಸಿ ಹಾಕಿದೆ. ಒಂಬತ್ತೂ ಪಾಸಾದವು. ಅದಕ್ಕೆ ಹಿಡಿದದ್ದು ಕಾಲು ಗಂಟೆ.